ರೂಮು ಮಾಡಿಕೊಂಡು ಓದುವವರಿಗೆ ಒಂಬತ್ತು ಸೂತ್ರ

ಯಗಟಿ, ಪಂಚನಹಳ್ಳಿ ಕಡೆಯವರು ಕಡೂರಿನಲ್ಲಿ, ಲಕ್ಕವಳ್ಳಿ, ಲಿಂಗದಹಳ್ಳಿ ಕಡೆಯವರು ತರೀಕೆರೆಯಲ್ಲಿ, ಶಿವನಿ ಕಡೆಯವರು ಅಜ್ಜಂಪುರದಲ್ಲಿ ರೂಮು ಮಾಡಿಕೊಂಡು ಓದುವುದು ಹೊಸದೇನಲ್ಲ. ಹಾಸ್ಟೆಲ್ ಸೀಟು ಸಿಗದಿದ್ದರೆ, ಬೆಳಗಿನ ಬಸ್ಸು ನಂಬುವಂತಿಲ್ಲದಿದ್ದರೆ ಇನ್ನೇನು ದಾರಿ? ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮ ಮೊದಲು ಬಾಗಿಲಿನ ಚಿಲಕ ಎಳೆದು ನೋಡುತ್ತಾರೆ. ನನ್ನನ್ನು ಕೇಳಿದರೆ ಮೊದಲು ಬಚ್ಚಲು ನೋಡಿ ಅನ್ನುತ್ತೇನೆ. ಕಳ್ಳ ಬಂದರೆ ಮೊಬೈಲು, ಲ್ಯಾಪ್‌ಟಾಪ್ ಹೋದೀತು. ಗ್ಯಾಸು, ಕರೆಂಟು, ಹೈವೇ, ನೀರು ಜೀವಕ್ಕೇ ಕೈ ಹಾಕುತ್ತವೆ. ಈ ಸೂತ್ರಗಳ ಸರದಿಯೂ ಹಾಗೇ ಇದೆ.

1. ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಆ ರೂಮು ಬೇಡ. ಬೇರೆ ರೂಮೇ ಸಿಗಲಿಲ್ಲವೆಂದರೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ಆಮೇಲೆ ಬಾಗಿಲು ಹಾಕಿ ಸ್ನಾನ ಮಾಡಿ. ಗಾಳಿಯಾಡದ ಸಣ್ಣ ಬಚ್ಚಲಲ್ಲಿ ಗ್ಯಾಸು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಅಷ್ಟರಲ್ಲಿ ಕಾಲು ಸೋತು ಚಿಲಕಕ್ಕೆ ಕೈ ಎಟುಕುವುದಿಲ್ಲ. ಹೀಗೆ ಸತ್ತವರ ಸುದ್ದಿ ಕರ್ನಾಟಕದಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಮಳೆಗಾಲದ ಚಳಿಗೆಂದು ರೂಮಿನೊಳಗೆ ಇದ್ದಿಲ ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗುವುದೂ ಇದೇ ಲೆಕ್ಕ. ಓನರ್ ಹತ್ತಿರ ಕೇಳಲು ಸಂಕೋಚ ಬೇಡ: ಗೀಸರ್ ಹೊರಗೋಡೆಗೆ ಹಾಕಿಸಿಕೊಡ್ತೀರಾ?

2. ವಾಟರ್ ಹೀಟರ್ ರಾಡ್ ನೀರಲ್ಲಿರುವಾಗ ನೀರು ಮುಟ್ಟಬೇಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಬೆರಳು ಅದ್ದಿ. 'ಎಂಸಿಬಿ ಇದೆಯಲ್ಲ' ಎಂದು ಧೈರ್ಯ ಮಾಡಬೇಡಿ. ಅದು ವೈರು ಸುಡದಂತೆ ತಡೆಯುತ್ತದೆ, ಶಾಕ್ ಹೊಡೆದವನನ್ನು ಕಾಯುವುದಿಲ್ಲ. ಅದಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕು, ಜೊತೆಗೆ ಸರಿಯಾದ ಅರ್ಥಿಂಗ್ ಬೇಕು. ಗಾಳಿಮಳೆಗೆ ವೈರು ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ.

3. ಸಿಲಿಂಡರ್ ಮಂಚದ ಕೆಳಗೆ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ತುಂಬಿಕೊಳ್ಳುತ್ತದೆ. ವಾಸನೆ ಬಂತೆಂದರೆ ಸ್ವಿಚ್ ಹಾಕುವುದೂ ಬೇಡ, ತೆಗೆಯುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

4. ಹೈವೇಯನ್ನು ಊರ ಬೀದಿ ಅಂದುಕೊಳ್ಳಬೇಡಿ. ಕಡೂರು, ಬೀರೂರು, ತರೀಕೆರೆ ಮೂರೂ ತುಮಕೂರು–ಶಿವಮೊಗ್ಗ ಹೆದ್ದಾರಿಯ ಊರುಗಳು. ಟೀ ಕುಡಿಯಲೆಂದು ಒಂದೇ ಬೈಕಲ್ಲಿ ಮೂವರು, ಅದೂ ರಾಂಗ್ ಸೈಡಲ್ಲಿ! ಹೆಲ್ಮೆಟ್ ಹಿಂದೆ ಕೂತವನಿಗೂ ಬೇಕು, ಅದರ ಪಟ್ಟಿ ಬಿಗಿದಿರಲೂ ಬೇಕು. ಅಪಘಾತ ಕಂಡರೆ ಪೊಲೀಸ್ ಕೇಸಿಗೆ ಹೆದರಿ ಮುಂದೆ ಹೋಗಬೇಡಿ. ಗಾಯಾಳುವಿಗೆ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ.

5. ಹಳಿ ದಾಟಬೇಡಿ. ಬೀರೂರಿನಲ್ಲಿ ದಾರಿ ಕವಲೊಡೆದು ಒಂದು ತರೀಕೆರೆ, ಶಿವಮೊಗ್ಗದ ಕಡೆ, ಇನ್ನೊಂದು ಅಜ್ಜಂಪುರ, ಚಿಕ್ಕಜಾಜೂರಿನ ಕಡೆ ಹೋಗುತ್ತದೆ. ಒಂದು ಗಾಡಿ ಹೋಯಿತೆಂದು ಹೆಜ್ಜೆಯಿಟ್ಟರೆ ಅದರ ಮರೆಯಲ್ಲಿ ಎದುರಿನದು ಬರುತ್ತಿರುತ್ತದೆ. ಕಿವಿಯಲ್ಲಿ ಇಯರ್‌ಫೋನ್ ಇದ್ದರಂತೂ ಕಥೆ ಮುಗಿಯಿತು. ಹೊರಟ ರೈಲಿಗೆ ಓಡಿ ಹತ್ತುವ ಚಟವೂ ಬೇಡ. ಅಟೆಂಡೆನ್ಸ್ ಹೋದರೆ ಕೇಳಿ ಹಾಕಿಸಿಕೊಳ್ಳಬಹುದು, ಕೆಲವು ಮೇಷ್ಟರಾದರೂ ಕರುಣಾಳುಗಳು.

6. ಈಜು ಬಂದರೂ ಕಾಲುವೆಗೆ ಇಳಿಯಬೇಡಿ. ಮದಗದ ಕೆರೆ, ಅಯ್ಯನಕೆರೆ, ಕಲ್ಲತ್ತಿಗಿರಿ ಎಲ್ಲವೂ ಭಾನುವಾರದ ಬೈಕ್ ಸವಾರಿಗೆ ಸಿಗುವಷ್ಟೇ ದೂರ. ಕೆರೆಯ ಹೂಳಿನಲ್ಲಿ ಕಾಲು ಹೂತುಕೊಳ್ಳುತ್ತದೆ, ಜಲಪಾತದ ಬಂಡೆ ಪಾಚಿಯಿಂದ ಜಾರುತ್ತದೆ. ಎಲ್ಲಕ್ಕಿಂತ ಮೋಸದ್ದು ಸಿಮೆಂಟ್ ಕಾಲುವೆ. ನೋಡಲು ನೀರು ತಣ್ಣಗೆ ಸಮನಾಗಿ ಹರಿಯುತ್ತಿರುತ್ತದೆ. ಇಳಿದ ಮೇಲೆ ಇಳಿಜಾರು ಗೋಡೆಯಲ್ಲಿ ಹಿಡಿಯಲು ಒಂದು ಬಿರುಕೂ ಸಿಗುವುದಿಲ್ಲ, ಪಾಚಿಗೆ ಅಂಗೈ ಜಾರುತ್ತದೆ, ಸೆಳೆತ ಮುಂದೆ ಒಯ್ಯುತ್ತಲೇ ಇರುತ್ತದೆ. ಗೆಳೆಯ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಎರಡನೆಯವನೂ ಮುಳುಗುವುದು ಹೀಗೆಯೇ. ಹಗ್ಗ, ಪಂಚೆ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆದು ಕೂಗಿ ಜನ ಸೇರಿಸಿ.

7. ಓನರ್ ಒಬ್ಬರಿಗೇ ಅಲ್ಲ, ಬೀದಿಗೂ ಪರಿಚಯವಾಗಿ. ಬೀದಿಯ ಕೊನೆಯ ಅಂಗಡಿಯವರಿಗೆ, ಪಕ್ಕದ ಮನೆಯ ಅಜ್ಜಿಗೆ ನಿಮ್ಮ ಹೆಸರು, ಊರು ಗೊತ್ತಿರಲಿ. ಎರಡು ದಿನ ಕಾಣದಿದ್ದರೆ 'ಆ ಹುಡುಗಿ ಎಲ್ಲಿ?' ಎಂದು ಕೇಳುವವರು ಇಂಥ ಊರುಗಳಲ್ಲಿ ಇನ್ನೂ ಇದ್ದಾರೆ. ಆ ವಿಚಾರಣೆ ಒಮ್ಮೊಮ್ಮೆ ಕಿರಿಕಿರಿಯೇ, ಸಹಿಸಿಕೊಳ್ಳಿ. ಆದರೆ ಅದೇ ಸಲಿಗೆಯಲ್ಲಿ ಬೀಗದ ಕೈಯನ್ನು ಚಪ್ಪಲಿಯೊಳಗೆ, ಕಿಟಕಿಯ ಸಂದಿಯಲ್ಲಿ ಇಡಬೇಡಿ. ಅಡ್ವಾನ್ಸ್ ಕೊಟ್ಟದ್ದಕ್ಕೆ ರಸೀದಿ ಇರಲಿ. ಆಧಾರ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಾಕಾಗುತ್ತದೆಯೇ ಕೇಳಿ. ರೂಮಲ್ಲಿ ಸೀನಿಯರ್‌ಗಳ ಕಾಟವಿದ್ದರೆ 'ಇದು ಕಾಲೇಜಿನ ಹೊರಗಿನ ವಿಷಯ' ಎಂಬ ಮಾತು ನಂಬಬೇಡಿ. ಯುಜಿಸಿಯ 2009ರ ರ್‍ಯಾಗಿಂಗ್ ತಡೆ ನಿಯಮಗಳು ಕ್ಯಾಂಪಸ್ ಗೇಟಿಗೆ ಮುಗಿಯುವುದಿಲ್ಲ. ಸಹಾಯವಾಣಿ 1800-180-5522.

8. ಬ್ಯಾಂಕ್ ಖಾತೆ ಬಾಡಿಗೆಗೆ ಕೊಡಬೇಡಿ. 'ನಿನ್ನ ಅಕೌಂಟಿಗೆ ದುಡ್ಡು ಬರ್ತದೆ, ತೆಗೆದು ಕೊಡು, ಕಮಿಷನ್ ಇಟ್ಕೋ' ಅನ್ನುವ ಅಣ್ಣಂದಿರು ಕಾಲೇಜು ಹುಡುಗರನ್ನೇ ಹುಡುಕುತ್ತಾರೆ. ಅದು ಯಾರದ್ದೋ ಕದ್ದ ದುಡ್ಡು, ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೆ. ಆನ್‌ಲೈನ್ ಮೋಸದಲ್ಲಿ ನಿಮ್ಮದೇ ದುಡ್ಡು ಹೋದರೆ ನಾಳೆ ನೋಡೋಣ ಅನ್ನದೆ ತಕ್ಷಣ 1930ಕ್ಕೆ ಕರೆ ಮಾಡಿ.

9. ಕತ್ತಲಲ್ಲಿ ಬರಿಗಾಲು ಬೇಡ. ತರೀಕೆರೆ ಸುತ್ತ ಅಡಿಕೆ ತೋಟ, ಕಡೂರಿನ ಸುತ್ತ ತೆಂಗು. ರೂಮಿನ ಹಿಂದೆ ಸಿಪ್ಪೆ, ಮಟ್ಟೆ ರಾಶಿ ಬಿದ್ದಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿಕೊಳ್ಳಿ. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ. ಕಚ್ಚಿದ ಜಾಗ ಕೊಯ್ಯುವುದು, ಹಗ್ಗ ಬಿಗಿಯುವುದು, ನಾಟಿ ಮದ್ದು ಹುಡುಕಿ ಅಲೆಯುವುದು ಯಾವುದೂ ಬೇಡ. ಹಾವನ್ನು ಹೊಡೆದು ಒಯ್ಯುವ ಅಗತ್ಯವೂ ಇಲ್ಲ. ನಮ್ಮಲ್ಲಿ ಕೊಡುವ ಚುಚ್ಚುಮದ್ದು ನಾಗರ, ಕಟ್ಟು, ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಕಚ್ಚಿದ ಕೈಕಾಲು ಅಲುಗದಂತೆ ನೋಡಿಕೊಂಡು, 108 ಕರೆದು, ಸೀದಾ ತಾಲ್ಲೂಕು ಆಸ್ಪತ್ರೆಗೆ.