ಕುಂಡದ ದಾಸವಾಳವೂ ಹಿಟ್ಟು ತಿಗಣೆಯೂ

ನವಿ ಮುಂಬಯಿಯ ಖಾರಘರದಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗೆ ಅಂಗಳದ ಭಾಗ್ಯ ವಿರಳ. ನಿತ್ಯಪೂಜೆಯ ಹೂವಿಗಾಗಿ ಗ್ಯಾಲರಿಯ ಕುಂಡದಲ್ಲಿ ದಾಸವಾಳವನ್ನು ಬೆಳೆಸುವವರು ಅನೇಕರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಧಾರಾಕಾರ ಮಳೆಯಲ್ಲಿ ಕುಂಡದಡಿಯ ತಟ್ಟೆಯನ್ನು ತೆಗೆದು, ನೀರು ಬಸಿದುಹೋಗುವಂತೆ ನೋಡಿಕೊಂಡರೆ ಗಿಡಕ್ಕೆ ಅಪಾಯವಿಲ್ಲ. ನಿಜವಾದ ತೊಂದರೆ ಮಳೆ ನಿಂತ ಅನಂತರ, ಮುಖ್ಯವಾಗಿ ಬೇಸಗೆಯ ತಿಂಗಳುಗಳಲ್ಲಿ ಒದಗುತ್ತದೆ. ಚಿಗುರು ಮುದುಡಿ ಗಂಟುಗಟ್ಟುತ್ತದೆ, ಮೊಗ್ಗು ಉದುರುತ್ತದೆ, ಕಾಂಡದ ಸಂದುಗಳಲ್ಲಿ ಬಿಳಿಯ ಅರಳೆಯಂತಹ ವಸ್ತು ಕಾಣಿಸಿಕೊಳ್ಳುತ್ತದೆ. ಇದೇ ಹಿಟ್ಟು ತಿಗಣೆ.

ಈ ಕೀಟವು ಗಿಡದ ರಸವನ್ನು ಹೀರಿ, ಸಿಹಿಯಾದ ಅಂಟುದ್ರವವನ್ನು ವಿಸರ್ಜಿಸುತ್ತದೆ. ಆ ದ್ರವದ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಸಿಹಿಯ ಆಸೆಗೆ ಬರುವ ಇರುವೆಗಳು ತಿಗಣೆಯನ್ನು ಅದರ ಶತ್ರುಗಳಿಂದ ಕಾಯುತ್ತವೆ. ಆದುದರಿಂದ ಇರುವೆಯ ಸಾಲು ಕಂಡೊಡನೆ ಎಲೆಗಳ ಅಡಿಭಾಗವನ್ನೂ ತುದಿಗಳನ್ನೂ ಪರೀಕ್ಷಿಸತಕ್ಕದ್ದು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಬಿಳಿಯಾಗಿರುವುದೆಲ್ಲವೂ ತಿಗಣೆಯಲ್ಲ. ಹಿಟ್ಟು ತಿಗಣೆಯನ್ನೇ ತಿಂದು ಬದುಕುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವೊಂದಿದೆ. ಆಸ್ಟ್ರೇಲಿಯ ಮೂಲದ ಈ ಹುಳುವನ್ನು ಕಾಫಿ ಗಿಡದ ಹಸಿರು ಶಲ್ಕಕೀಟದ ಹತೋಟಿಗೆಂದು 1898ರಲ್ಲಿ ಭಾರತಕ್ಕೆ ತರಲಾಯಿತು. ಆ ಕಾರ್ಯದಲ್ಲಿ ಅದು ಸಫಲವಾಗದಿದ್ದರೂ ಹಿಟ್ಟು ತಿಗಣೆಯ ವೈರಿಯಾಗಿ ದಕ್ಷಿಣ ಭಾರತದಲ್ಲಿ ನೆಲೆಯೂರಿತು. ಇದರ ಮರಿಹುಳುವಿನ ಮೈಮೇಲೂ ಬಿಳಿಯ ಮೇಣದ ಎಳೆಗಳಿರುವುದರಿಂದ ಅದನ್ನೇ ತಿಗಣೆಯೆಂದು ಭ್ರಮಿಸಿ ಹೊಸಕಿಹಾಕುವುದುಂಟು. ತಿಗಣೆಯು ಸುಮಾರು 3 ಮಿಲಿಮೀಟರ್ ಉದ್ದವಿದ್ದು ಬಹುಮಟ್ಟಿಗೆ ಕುಳಿತಲ್ಲಿಯೇ ಇರುತ್ತದೆ. ಈ ಮರಿಹುಳುವಾದರೋ ಬಲಿತಾಗ ಅದರ ಮೂರು ನಾಲ್ಕು ಪಟ್ಟು ಬೆಳೆದು, ಚುರುಕಾಗಿ ಓಡಾಡುತ್ತದೆ. ಅದು ಕಂಡಲ್ಲಿ ಯಾವ ಔಷಧವನ್ನೂ ಸಿಂಪಡಿಸಬಾರದು.

ಕಾಣದಿದ್ದಲ್ಲಿ, ಗಂಟುಗಟ್ಟಿದ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಬಿಗಿದು ಕಟ್ಟಬೇಕು. ಗ್ಯಾಲರಿಯಿಂದ ಕೆಳಗೆಸೆದರೆ ಕೆಳಗಿನ ಮನೆಯವರಿಗೆ ಕೀಟವನ್ನು ಹಂಚಿದಂತಾಗುತ್ತದೆ. ಉಳಿದ ಗಿಡವನ್ನು ನೀರಿನ ರಭಸದಿಂದ ತೊಳೆದು, ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಹಾಗೂ ಸ್ವಲ್ಪ ಸಾಬೂನು ದ್ರಾವಣವನ್ನು ಬೆರೆಸಿ, ಸಂಜೆಯ ವೇಳೆ ಸಿಂಪಡಿಸಬೇಕು. ಅರಳೆಯಂತಹ ಚೀಲದೊಳಗಿನ ಮೊಟ್ಟೆಗಳಿಗೆ ಇದು ಸುಲಭವಾಗಿ ತಾಗದು. ಆದುದರಿಂದ 7ರಿಂದ 10 ದಿನಗಳ ಅಂತರದಲ್ಲಿ ಎರಡು ಮೂರು ಬಾರಿ ಪುನರಾವರ್ತಿಸುವುದು ಅವಶ್ಯ. ಮಕ್ಕಳು ಆಡುವ ಗ್ಯಾಲರಿಯಲ್ಲಿ, ದೇವರಿಗೆ ಏರಿಸುವ ಹೂವಿನ ಮೇಲೆ, ಹೊಲದ ಕೀಟನಾಶಕವು ಸರ್ವಥಾ ಸಲ್ಲದು. ಅದರಿಂದ ಗುಲಗಂಜಿ ಹುಳುವೂ ಸಾಯುತ್ತದೆ. ಯೂರಿಯಾ ಹೆಚ್ಚಾದರೆ ಎಳೆಯ ಚಿಗುರು ಹೆಚ್ಚಿ ಕೀಟಕ್ಕೇ ಅನುಕೂಲ.

ಇರುವೆಗಳು ಏರದಂತೆ, ಬೇಸಗೆಯಲ್ಲಿ ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆಯಿರಿಸಿ ಅದರ ಮೇಲೆ ಕುಂಡವನ್ನು ಇಡಬಹುದು. ರೆಂಬೆಗಳು ಗೋಡೆಗಾಗಲಿ ಕಿಟಕಿಯ ಸರಳಿಗಾಗಲಿ ತಾಗಿರಬಾರದು. ತಟ್ಟೆಯ ನೀರನ್ನು ವಾರಕ್ಕೆ ಎರಡು ಬಾರಿ ಬದಲಾಯಿಸದಿದ್ದರೆ ಸೊಳ್ಳೆಗಳು ಹುಟ್ಟಿಕೊಳ್ಳುತ್ತವೆ.