ನಮ್ಮ ಮಾಡಿನ ವಿದ್ಯುತ್ತಿಗೆ ಸರಕಾರ ಹಣ ಕೊಡುವುದೇಕೆ?

ಮಕ್ಕಳೇ, ಮಂಗಳೂರು ನಗರದಲ್ಲಿ ದೇರೆಬೈಲ್ ಎಂಬ ಊರಿದೆ. ಹೆಸರಿನಲ್ಲೇ ‘ಬೈಲು’ ಇದೆ ನೋಡಿ. ಬೈಲು ಎಂದರೆ ತಗ್ಗಿನ ಗದ್ದೆ ಪ್ರದೇಶ. ಈಗ ಅಲ್ಲಿ ಗದ್ದೆಗಳಿಗಿಂತ ಮನೆಗಳೇ ಹೆಚ್ಚು. ಹೆಂಚಿನ ಮನೆಗಳು, ತಾರಸಿ ಮನೆಗಳು, ಬಹುಮಹಡಿ ಕಟ್ಟಡಗಳು, ನಡುನಡುವೆ ತೆಂಗಿನ ಮರಗಳು.

ಅಲ್ಲಿನ ಒಂದು ತಾರಸಿ ಮನೆಯನ್ನು ಊಹಿಸಿಕೊಳ್ಳಿ. ಅಪ್ಪ, ಅಮ್ಮ, ಅಜ್ಜಿ ಮತ್ತು ಇಬ್ಬರು ಮಕ್ಕಳಿರುವ ಮನೆ. ತಿಂಗಳಿಗೆ ಸುಮಾರು 220 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. “ತಾರಸಿಯ ಮೇಲೆ ಸೌರಫಲಕ ಹಾಕಿಸೋಣ, ಸರಕಾರ ಸಹಾಯಧನ ಕೊಡುತ್ತದಂತೆ” ಎಂದು ಅಪ್ಪ ಹೇಳುತ್ತಾರೆ. ಅಜ್ಜಿಗೆ ಒಪ್ಪಿಗೆಯಿಲ್ಲ. “ಮಳೆಗಾಲದಲ್ಲಿ ಎಂತ ಮಾಡುವುದು? ನಾಲ್ಕು ತಿಂಗಳು ಸೂರ್ಯನ ಮುಖವೇ ಕಾಣುವುದಿಲ್ಲವಲ್ಲ!” ಎನ್ನುತ್ತಾರೆ.

ಅಜ್ಜಿಯ ಪ್ರಶ್ನೆ ಸರಿಯಾದದ್ದೇ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಇಂಥ ಊರಿನಲ್ಲಿ ಸೌರಫಲಕ ಹಾಕುವವರಿಗೆ ಸರಕಾರ ಹಣ ಕೊಡುವುದೇಕೆ? ಬನ್ನಿ, ಲೆಕ್ಕ ಹಾಕಿ ನೋಡೋಣ.

ಫಲಕ ಕೊಡುವುದು ಎಷ್ಟು?

ಮೊದಲು ಯೂನಿಟ್ ಎಂದರೇನು ಎಂದು ನೆನಪು ಮಾಡಿಕೊಳ್ಳಿ. 1,000 ವ್ಯಾಟ್ ಸಾಮರ್ಥ್ಯದ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಕಾಲ ಬಳಸುವ ವಿದ್ಯುಚ್ಛಕ್ತಿಯೇ ಒಂದು ಯೂನಿಟ್. 1,000 ವ್ಯಾಟ್ ಎಂದರೆ ಒಂದು ಕಿಲೋವ್ಯಾಟ್. ಒಂದು ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕಗಳನ್ನು ಹಾಕಲು ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಚಿಕ್ಕ ಕೋಣೆಯಷ್ಟು.

ಸೌರಫಲಕದಲ್ಲಿ ಸಿಲಿಕಾನ್ ಎಂಬ ಧಾತುವಿನಿಂದ ಮಾಡಿದ ಕೋಶಗಳಿರುತ್ತವೆ. ಬೆಳಕು ಬಿದ್ದಾಗ ಅವುಗಳಲ್ಲಿ ವಿದ್ಯುತ್ ಉತ್ಪತ್ತಿಯಾಗುತ್ತದೆ. ಇಲ್ಲಿ ಬೇಕಾದದ್ದು ಬೆಳಕು, ಶಾಖವಲ್ಲ ಎಂಬುದನ್ನು ಗಮನಿಸಿ. ಫಲಕ ಬಿಸಿಯಾದಷ್ಟೂ ಅದರ ಕೆಲಸ ಸ್ವಲ್ಪ ಕುಂದುತ್ತದೆ! ಸುಡುವ ಏಪ್ರಿಲ್‌ಗಿಂತ ತಿಳಿ ಆಕಾಶದ, ತಂಪು ಗಾಳಿಯ ಜನವರಿಯ ದಿನವೇ ಫಲಕಕ್ಕೆ ಹಿತ. ಮೋಡದ ದಿನವೂ ಬೆಳಕು ಪೂರ್ತಿ ಇಲ್ಲದಾಗುವುದಿಲ್ಲ. ಮೋಡದೊಳಗೆ ಚದುರಿ ಬರುವ ಬೆಳಕಿನಿಂದಲೂ ಫಲಕ ಸ್ವಲ್ಪ ವಿದ್ಯುತ್ ಕೊಡುತ್ತದೆ. ಒಳ್ಳೆಯ ಬಿಸಿಲಿನ ದಿನ ಒಂದು ಕಿಲೋವ್ಯಾಟ್ ಫಲಕಗಳಿಂದ ನಾಲ್ಕು ಯೂನಿಟ್‌ಗೂ ಹೆಚ್ಚು ಸಿಕ್ಕರೆ, ಕಾರ್ಮೋಡ ಕವಿದು ಧೋ ಎಂದು ಮಳೆ ಸುರಿಯುವ ದಿನ ಒಂದು ಯೂನಿಟ್ ಸಿಕ್ಕುವುದೂ ಕಷ್ಟ. ಆದರೆ ಆ ಮಳೆಯೇ ಫಲಕದ ಮೇಲಿನ ಧೂಳನ್ನು ತೊಳೆದುಕೊಡುತ್ತದೆ!

ಬಿಸಿಲು, ಮೋಡ, ಮಳೆ ಎಲ್ಲವನ್ನೂ ಸೇರಿಸಿ, ನಮ್ಮ ಮನೆಯಲ್ಲಿ ಒಂದು ಕಿಲೋವ್ಯಾಟ್‌ಗೆ ವರ್ಷಕ್ಕೆ 1,300 ಯೂನಿಟ್ ಸಿಗುತ್ತದೆಂದು ಇಟ್ಟುಕೊಳ್ಳೋಣ. ಎರಡು ಕಿಲೋವ್ಯಾಟ್ ಹಾಕಿಸಿದರೆ 2,600 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ ಲೆಕ್ಕ ಹಾಕಿದರೆ ವರ್ಷಕ್ಕೆ ಉಳಿತಾಯ 15,600 ರೂಪಾಯಿ.

ತೊಂದರೆ ಎಲ್ಲಿದೆ?

ಎರಡು ಕಿಲೋವ್ಯಾಟ್ ವ್ಯವಸ್ಥೆಗೆ 1,30,000 ರೂಪಾಯಿ ಬೇಕು ಎಂದುಕೊಳ್ಳಿ. ಮೆಸ್ಕಾಂ ಬಿಲ್ಲಾದರೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ಕಟ್ಟಬಹುದು. ಸೌರಫಲಕದ ಖರ್ಚು ಹಾಗಲ್ಲ. ಎಲ್ಲವನ್ನೂ ಮೊದಲ ದಿನವೇ ಕೊಡಬೇಕು. ಆಮೇಲೆ ಬಿಸಿಲಿಗೆ ದುಡ್ಡಿಲ್ಲ, ಫಲಕ ಸುಮಾರು 25 ವರ್ಷ ದುಡಿಯುತ್ತದೆ. ಒಂದು ರೀತಿಯಲ್ಲಿ ತೆಂಗಿನ ಸಸಿ ನೆಟ್ಟ ಹಾಗೆ. ಹೊಂಡ ತೋಡುವುದು, ಗೊಬ್ಬರ ಹಾಕುವುದು, ನೀರೆರೆಯುವುದು ಎಲ್ಲ ಮೊದಲು, ಕಾಯಿ ಆಮೇಲೆ. ಆದರೆ ಮೊದಲ ಖರ್ಚಿಗೆ ಕೈಯಲ್ಲಿ ಹಣ ಇಲ್ಲದವರು ಏನು ಮಾಡಬೇಕು? ಸರಕಾರದ ಪ್ರೋತ್ಸಾಹ ಬೇಕಾಗುವುದು ಇಲ್ಲೇ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ‘ಪಿಎಂ ಸೂರ್ಯ ಘರ್’ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳ ಮಾಡಿನ ಮೇಲೆ ಸೌರಫಲಕ ಹಾಕಿಸುವುದು ಇದರ ಗುರಿ. 75,021 ಕೋಟಿ ರೂಪಾಯಿ ವೆಚ್ಚದ ಈ ಯೋಜನೆಗೆ 2026–27ರವರೆಗೆ ಅವಧಿ ನಿಗದಿಯಾಯಿತು. ಸಹಾಯಧನದ ಲೆಕ್ಕ ಹೀಗಿದೆ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ. ಮೂರನೆಯ ಕಿಲೋವ್ಯಾಟ್‌ಗೆ 18,000 ರೂಪಾಯಿ. ಒಟ್ಟು 78,000. ನಾಲ್ಕನೆಯ ಕಿಲೋವ್ಯಾಟ್‌ಗೆ? ಏನೂ ಇಲ್ಲ. ಹತ್ತು ಕಿಲೋವ್ಯಾಟ್ ಹಾಕಿಸಿದರೂ ಅಷ್ಟೇ 78,000. ಚಿಕ್ಕ ಮನೆಗಳ ಹೊರೆಯಲ್ಲಿ ಹೆಚ್ಚು ಪಾಲು ಇಳಿಯಬೇಕು, ದೊಡ್ಡ ಬಂಗಲೆಯವರಿಗೆ ಅಷ್ಟೊಂದು ಬೇಡ ಎಂಬ ವಿಚಾರ ಇದರ ಹಿಂದಿದೆ.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬನ್ನಿ. ಸಹಾಯಧನ ಇಲ್ಲದಿದ್ದರೆ 1,30,000 ರೂಪಾಯಿಯನ್ನು ವರ್ಷಕ್ಕೆ 15,600ರಂತೆ ಮರಳಿ ಪಡೆಯಲು ಎಂಟು ವರ್ಷಕ್ಕಿಂತ ಹೆಚ್ಚು ಬೇಕು. 60,000 ಸಹಾಯಧನ ಸಿಕ್ಕರೆ ಮನೆಯವರ ಕೈಯಿಂದ ಹೋಗುವುದು 70,000. ಅದು ನಾಲ್ಕೂವರೆ ವರ್ಷದಲ್ಲಿ ಮರಳಿ ಬರುತ್ತದೆ. ಈಗ ಐದನೇ ತರಗತಿಯಲ್ಲಿರುವ ತಂಗಿ ಹತ್ತನೇ ತರಗತಿಗೆ ಬರುವುದರೊಳಗೆ!

ಸಹಾಯಧನ ಮೊದಲೇ ಕೈಗೆ ಬರುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಅರ್ಜಿ ಹಾಕಬೇಕು, ನಮ್ಮ ದೇಶದಲ್ಲೇ ತಯಾರಾದ ಫಲಕ ಹಾಕಿಸಬೇಕು, ಹೊಸ ಮೀಟರ್ ಅಳವಡಿಸಿ ಪರಿಶೀಲನೆ ಮುಗಿಯಬೇಕು. ಆಮೇಲೆ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಪೂರ್ತಿ ಹಣ ಹೊಂದಿಸುವುದು ಹೇಗೆ? ಇದಕ್ಕಾಗಿ ಯೋಜನೆಯಲ್ಲಿ ಕಡಿಮೆ ಬಡ್ಡಿಯ ಸಾಲವೂ ಇದೆ. ಬಡ್ಡಿ ಇಳಿಸುವ ಈ ಉಪಾಯಕ್ಕೂ ಕರಾವಳಿಗೂ ಹಳೆಯ ನಂಟಿದೆ.

ಎರಡು ಬ್ಯಾಂಕುಗಳ ಕತೆ

ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಈ ಎರಡು ಬ್ಯಾಂಕುಗಳ ಜೊತೆ ಸೇರಿ ಕರ್ನಾಟಕದಲ್ಲಿ ಸೌರದೀಪದ ಸಾಲ ಯೋಜನೆಯೊಂದನ್ನು ಆರಂಭಿಸಿತು. ಆಗ ವಿದ್ಯುತ್ ತಂತಿ ತಲುಪದ ಮನೆಗಳು ಹಳ್ಳಿಗಳಲ್ಲಿ ಬಹಳವಿದ್ದವು. ತಂತಿ ತಲುಪಿದ್ದರೂ ಸಂಜೆ ಓದುವ ಹೊತ್ತಿಗೆ ಕರೆಂಟ್ ಇರುತ್ತಿರಲಿಲ್ಲ. ಒಂದು ಚಿಕ್ಕ ಫಲಕ, ಒಂದು ಬ್ಯಾಟರಿ, ಎರಡು ಅಥವಾ ನಾಲ್ಕು ದೀಪ ಇದ್ದರೆ ಆ ಮನೆಗೆ ಸಾಕು. ಆದರೆ ಒಂದೇ ಸಲ ಅಷ್ಟು ಹಣ ಎಲ್ಲಿಂದ ತರುವುದು?

ಆ ಯೋಜನೆ ಫಲಕವನ್ನು ಪುಕ್ಕಟೆ ಹಂಚಲಿಲ್ಲ. ಬಡ್ಡಿಯನ್ನು ಇಳಿಸಿತು. ಮಾಮೂಲಿ ಬಡ್ಡಿ ಶೇಕಡ 12ರ ಆಸುಪಾಸಿನಲ್ಲಿದ್ದಾಗ ಜನರಿಗೆ ಶೇಕಡ 5ರ ಬಡ್ಡಿಯಲ್ಲಿ ಸಾಲ ಸಿಕ್ಕಿತು. ನೀವೇ ಲೆಕ್ಕ ಮಾಡಿ: 15,000 ರೂಪಾಯಿ ಸಾಲಕ್ಕೆ ಒಂದು ವರ್ಷದ ಬಡ್ಡಿ ಶೇಕಡ 12ರಂತೆ 1,800 ರೂಪಾಯಿ, ಶೇಕಡ 5ರಂತೆ 750 ರೂಪಾಯಿ. ವ್ಯತ್ಯಾಸದ 1,050 ರೂಪಾಯಿಯನ್ನು ಯೋಜನೆ ಭರಿಸುತ್ತಿತ್ತು. ಸಾವಿರಾರು ಮನೆಗಳು ಹೀಗೆ ಸಾಲ ಪಡೆದವು. ಸೌರದೀಪಕ್ಕೆ ಸಾಲ ಕೊಟ್ಟರೆ ಜನ ತೀರಿಸುತ್ತಾರೆ ಎಂಬ ಧೈರ್ಯ ಬ್ಯಾಂಕಿನವರಿಗೆ ಬಂತು. ಯೋಜನೆಯವರು ರಿಯಾಯಿತಿಯನ್ನು ಹಂತಹಂತವಾಗಿ ಕಡಿಮೆ ಮಾಡಿ ಕೊನೆಗೆ ನಿಲ್ಲಿಸಿದರು. ಸಾಲ ಕೊಡುವುದು ಮಾತ್ರ ನಿಲ್ಲಲಿಲ್ಲ. ನನಗೆ ಬಹಳ ಮೆಚ್ಚುಗೆಯಾದ ಸಂಗತಿ ಇದು. ಸೈಕಲ್ ಕಲಿಯುವಾಗ ಅಣ್ಣ ಹಿಂದಿನಿಂದ ಹಿಡಿದುಕೊಂಡು ಓಡಿ, ಯಾವಾಗಲೋ ಗೊತ್ತಾಗದಂತೆ ಕೈಬಿಟ್ಟ ಹಾಗೆ.

ಇದೇ ರೀತಿ ಸಂಜೆಯ ದೀಪಕ್ಕಾಗಿ ದುಡಿದ ಇನ್ನೊಂದು ಸಂಸ್ಥೆ ಸೆಲ್ಕೋ. 1995ರಲ್ಲಿ ಇದರ ಸ್ಥಾಪನೆಯಲ್ಲಿ ಪಾಲ್ಗೊಂಡ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಎರಡೂ ಕಡೆ ಲೆಕ್ಕ ಇಡುವ ಮೀಟರ್

ಸಹಾಯಧನ ಒಂದು, ಬಡ್ಡಿ ರಿಯಾಯಿತಿ ಇನ್ನೊಂದು. ಮೂರನೆಯ ಪ್ರೋತ್ಸಾಹ ಮೀಟರಿನಲ್ಲಿದೆ. ಮಧ್ಯಾಹ್ನ ಹನ್ನೆರಡಕ್ಕೆ ಫಲಕ ಭರ್ಜರಿಯಾಗಿ ವಿದ್ಯುತ್ ಕೊಡುತ್ತದೆ. ಆದರೆ ಮಕ್ಕಳು ಶಾಲೆಯಲ್ಲಿ, ಅಪ್ಪ ಅಮ್ಮ ಕೆಲಸದಲ್ಲಿ. ಅಜ್ಜಿಯ ಒಂದು ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ಉಳಿದ ವಿದ್ಯುತ್ ಮೆಸ್ಕಾಂ ತಂತಿಗೆ ಹೋಗುತ್ತದೆ. ರಾತ್ರಿ ಅದೇ ತಂತಿಯಿಂದ ಮನೆಗೆ ವಿದ್ಯುತ್ ಬರುತ್ತದೆ. ಹೋದದ್ದೆಷ್ಟು, ಬಂದದ್ದೆಷ್ಟು ಎಂದು ಎರಡನ್ನೂ ಎಣಿಸಿ, ಕಳೆದು, ಉಳಿದದ್ದಕ್ಕೆ ಬಿಲ್ ಮಾಡುತ್ತಾರೆ. ಇದಕ್ಕೆ ನೆಟ್ ಮೀಟರಿಂಗ್ ಎನ್ನುತ್ತಾರೆ. ಮನೆಯಿಂದ ಹೆಚ್ಚಾಗಿ ಹೋದ ಯೂನಿಟ್‌ಗಳಿಗೆ ಮೆಸ್ಕಾಂ ಹಣ ಕೊಡಬೇಕು. 2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಇದಕ್ಕೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ದರ ಗೊತ್ತುಮಾಡಿತ್ತು. ಸಹಾಯಧನ ಪಡೆದವರಿಗೆ 7 ರೂಪಾಯಿ 20 ಪೈಸೆ. ಆಗ ಫಲಕಗಳು ದುಬಾರಿಯಾಗಿದ್ದವು. ಅವುಗಳ ಬೆಲೆ ಇಳಿದಂತೆ ಹೊಸಬರಿಗೆ ಈ ದರವನ್ನೂ ಇಳಿಸುತ್ತ ಬಂದರು. ಈಗಿನ ದರ ನಾವು ಬಿಲ್ಲಿನಲ್ಲಿ ಕೊಡುವ ದರಕ್ಕಿಂತ ಕಡಿಮೆ. ಆದ್ದರಿಂದ ನಮ್ಮ 15,600 ರೂಪಾಯಿಯ ಲೆಕ್ಕ ಬೇಸಗೆಯಲ್ಲಿ ವಿದ್ಯುತ್ ಮಿಕ್ಕಿದಾಗ ಸ್ವಲ್ಪ ಕೆಳಗಿಳಿಯಬಹುದು.

ಒಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಬ್ಯಾಟರಿ ಇಲ್ಲದೆ ಹೀಗೆ ತಂತಿಗೆ ಜೋಡಿಸಿದ ವ್ಯವಸ್ಥೆಯಲ್ಲಿ, ಕರೆಂಟ್ ಹೋದರೆ ಸೌರ ವಿದ್ಯುತ್ತೂ ನಿಂತುಬಿಡುತ್ತದೆ. ಬಿಸಿಲು ಎಷ್ಟೇ ಇರಲಿ! ಏಕೆ ಗೊತ್ತೇ? ಗಾಳಿಮಳೆಗೆ ಮರ ಬಿದ್ದು ತಂತಿ ತುಂಡಾಗಿದೆ ಎಂದುಕೊಳ್ಳಿ. ಲೈನ್‌ಮ್ಯಾನ್ ಕರೆಂಟ್ ತೆಗೆಸಿ ಕಂಬ ಹತ್ತಿದ್ದಾರೆ. ಆಗ ಯಾರದೋ ಮನೆಯ ಫಲಕದಿಂದ ವಿದ್ಯುತ್ ಆ ತಂತಿಗೆ ಹರಿದರೆ ಅವರ ಪ್ರಾಣಕ್ಕೇ ಅಪಾಯ. ಅದಕ್ಕಾಗಿಯೇ ಫಲಕದ ಜೊತೆಗಿರುವ ಇನ್ವರ್ಟರ್ ತಾನಾಗಿಯೇ ನಿಲ್ಲುವಂತೆ ಮಾಡಿರುತ್ತಾರೆ. ಕರೆಂಟ್ ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿಗೆ ಬೇರೆ ಖರ್ಚು ಮಾಡಬೇಕು.

ಅಜ್ಜಿಗೆ ಉತ್ತರ

ಮಳೆಗಾಲದ ಪ್ರಶ್ನೆ ಇನ್ನೂ ಉಳಿದಿದೆ. ನಮ್ಮ ಮನೆಗೆ ವಿದ್ಯುತ್ ತರುವ ತಂತಿ ಇಡೀ ರಾಜ್ಯದ ವಿದ್ಯುತ್ ಜಾಲಕ್ಕೆ ಸೇರಿದೆ. ದೇರೆಬೈಲಿನ ಫಲಕವನ್ನು ಮಸುಕು ಮಾಡುವ ಅದೇ ಮುಂಗಾರು ಘಟ್ಟದ ಮೇಲೆ ಲಿಂಗನಮಕ್ಕಿ ಜಲಾಶಯವನ್ನು ತುಂಬಿಸುತ್ತದೆ. ಆ ನೀರಿನಿಂದ ಶರಾವತಿಯ ವಿದ್ಯುದಾಗಾರಗಳು ಓಡುತ್ತವೆ. ಉಡುಪಿ ಜಿಲ್ಲೆಯ ವಾರಾಹಿಯಲ್ಲೂ ಜಲವಿದ್ಯುತ್ ಉತ್ಪಾದನೆಯಾಗುತ್ತದೆ. ಮಾರ್ಚ್, ಏಪ್ರಿಲ್ ಬಂತೆಂದರೆ ಜಲಾಶಯಗಳ ನೀರು ತಳ ಸೇರುತ್ತದೆ, ಎಲ್ಲೆಡೆ ಫ್ಯಾನುಗಳು ತಿರುಗುತ್ತವೆ. ಆಗ ಮಾಡಿನ ಮೇಲೆ ಬಿಸಿಲು ಧಾರಾಳ. ಒಂದು ಕುಗ್ಗಿದಾಗ ಇನ್ನೊಂದು ಹಿಗ್ಗುತ್ತದೆ.

ಸರಕಾರಕ್ಕೂ ಇದರಿಂದ ಲಾಭವಿದೆ. ಮಂಗಳೂರಿನಿಂದ ಉತ್ತರಕ್ಕೆ, ಉಡುಪಿ ಜಿಲ್ಲೆಯಲ್ಲಿ 1,200 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಅದಕ್ಕೆ ಬೇಕಾದ ಕಲ್ಲಿದ್ದಲು ವಿದೇಶದಿಂದ ಹಡಗಿನಲ್ಲಿ ಬರುತ್ತದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತಯಾರಿಸುವಾಗ ಸುಮಾರು ಒಂದು ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ನಮ್ಮ ಮನೆಯ 2,600 ಯೂನಿಟ್‌ಗೆ ಎಷ್ಟಾಯಿತು? ಅಲ್ಲದೆ, ದೂರದಿಂದ ತಂತಿಯಲ್ಲಿ ತರುವಾಗ ವಿದ್ಯುತ್ತಿನ ಒಂದು ಪಾಲು ದಾರಿಯಲ್ಲೇ ನಷ್ಟವಾಗುತ್ತದೆ. ಮಾಡಿನಿಂದ ಅಡುಗೆಮನೆಗೆ ಬರುವುದಕ್ಕೆ ಅಷ್ಟು ದೂರದ ದಾರಿಯಿಲ್ಲ.

ಯಾರಿಗೆ ಸಿಗುತ್ತದೆ, ಯಾರಿಗೆ ಇಲ್ಲ?

ಅಪ್ಪನ ಯೋಜನೆ ನಡೆಯುವುದು ಸ್ವಂತ ತಾರಸಿ ಇದ್ದದ್ದರಿಂದ. ದೇರೆಬೈಲಿನಂಥ ನಗರ ಪ್ರದೇಶದಲ್ಲಿ ಬಾಡಿಗೆ ಮನೆಯಲ್ಲಿ ಇರುವವರು ಅನೇಕರು. ಅವರ ತಲೆಯ ಮೇಲಿನ ಮಾಡು ಅವರದ್ದಲ್ಲ. ಬಹುಮಹಡಿ ಕಟ್ಟಡದಲ್ಲಿ ಇಡೀ ಕಟ್ಟಡಕ್ಕೆ ಇರುವುದು ಒಂದೇ ತಾರಸಿ. ಅಲ್ಲಿ ಲಿಫ್ಟ್, ನೀರಿನ ಪಂಪಿನಂಥ ಸಾಮಾನ್ಯ ಬಳಕೆಗಾಗಿ ನಿವಾಸಿಗಳ ಸಂಘಕ್ಕೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಕೊಡುತ್ತಾರೆ. ಮಂಗಳೂರು ಹೆಂಚಿನ ಮನೆಯಾದರೆ ಹೆಂಚು ಒಡೆಯದಂತೆ ಚೌಕಟ್ಟು ಕಟ್ಟಿಸಬೇಕು, ಖರ್ಚು ಏರುತ್ತದೆ. ತೆಂಗಿನ ಮರದ ನೆರಳಂತೂ ದೊಡ್ಡ ಉಪದ್ರವ. ಫಲಕದ ಕೋಶಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದು ಗರಿಯ ನೆರಳು ಕೆಲವು ಕೋಶಗಳ ಮೇಲೆ ಬಿದ್ದರೂ ಉತ್ಪಾದನೆ ಗಣನೀಯವಾಗಿ ಕುಸಿಯಬಹುದು.

ಇನ್ನೊಂದು ತಮಾಷೆ ನೋಡಿ. ರಾಜ್ಯ ಸರಕಾರ 2023ರಲ್ಲಿ ಗೃಹಜ್ಯೋತಿ ಯೋಜನೆಯನ್ನು ಆರಂಭಿಸಿತು. ಅದರಂತೆ, ತಮ್ಮ ಹಿಂದಿನ ಸರಾಸರಿಗೆ ಶೇಕಡ 10 ಸೇರಿಸಿದ ಮಿತಿಯೊಳಗೆ, ಹೆಚ್ಚೆಂದರೆ 200 ಯೂನಿಟ್‌ವರೆಗೆ, ಮನೆಗಳಿಗೆ ಬಿಲ್ಲಿಲ್ಲ. ತಿಂಗಳಿಗೆ ನೂರು ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ಪಕ್ಕದ ಮನೆಯವರು ಸೌರಫಲಕಕ್ಕೆ ಹಣ ಹಾಕಲು ಮುಂದೆ ಬಂದಾರೆಯೇ? ಅವರಿಗೆ ಉಳಿಸಲು ಬಿಲ್ಲೇ ಇಲ್ಲ! 220 ಯೂನಿಟ್ ಬಳಸುವ ನಮ್ಮ ಮನೆಗಾದರೋ ಪೂರ್ತಿ ಬಿಲ್ ಬರುತ್ತದೆ. ಎರಡೂ ಜನರಿಗಾಗಿ ಮಾಡಿದ ಯೋಜನೆಗಳೇ. ಆದರೂ ಒಂದು ಇನ್ನೊಂದರ ಆಕರ್ಷಣೆಯನ್ನು ತುಸು ತಗ್ಗಿಸುತ್ತದೆ.

ಮಾಡಿ ನೋಡಿ

ನಿಮ್ಮ ಮನೆಯ ವಿದ್ಯುತ್ ಬಿಲ್ ತನ್ನಿ. ಕಳೆದ ತಿಂಗಳು ಎಷ್ಟು ಯೂನಿಟ್ ಖರ್ಚಾಗಿದೆ ಎಂದು ಬರೆದುಕೊಳ್ಳಿ. ಒಂದು ಕಿಲೋವ್ಯಾಟ್ ಫಲಕ ವರ್ಷಕ್ಕೆ 1,300 ಯೂನಿಟ್ ಕೊಟ್ಟರೆ ನಿಮ್ಮ ಮನೆಗೆ ಎಷ್ಟು ಕಿಲೋವ್ಯಾಟ್ ಬೇಕು? ಸಹಾಯಧನ ಎಷ್ಟು ಸಿಗುತ್ತದೆ?

ಬಿಸಿಲಿನ ದಿನ ಬೆಳಿಗ್ಗೆ 9, ಮಧ್ಯಾಹ್ನ 12 ಮತ್ತು 3 ಗಂಟೆಗೆ ಶಾಲೆಯ ಅಂಗಳದಲ್ಲಿ ನಿಂತು ಮಾಡನ್ನು ಗಮನಿಸಿ. (ಮಾಡಿನ ಮೇಲೆ ಹತ್ತಬೇಡಿ!) ಯಾವ ಮರದ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಚಿತ್ರ ಬಿಡಿಸಿ. ಮೂರೂ ಹೊತ್ತು ನೆರಳು ಬೀಳದ ಜಾಗ ಎಷ್ಟು ಚದರ ಅಡಿ ಇದೆ? ಅಲ್ಲಿ ಎಷ್ಟು ಕಿಲೋವ್ಯಾಟ್ ಫಲಕ ಕೂರಿಸಬಹುದು? ಇದೇ ಚಿತ್ರವನ್ನು ಡಿಸೆಂಬರ್‌ನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಬಿಡಿಸಿ ಹೋಲಿಸಿ. ನೆರಳು ಎರಡು ಸಲವೂ ಒಂದೇ ಜಾಗದಲ್ಲಿ ಬಿತ್ತೇ?