ಪಾಲಿಕೆಗೆ ಸ್ವಂತ ಅಗ್ನಿಶಾಮಕ ದಳ ಬೇಕೆ? ಕಾನೂನು ಏನು ಹೇಳುತ್ತದೆ

"ಮುಂಬೈಯಲ್ಲಿ ಫೈರ್ ಬ್ರಿಗೇಡ್ ಪಾಲಿಕೆಯದ್ದು, ನಮ್ಮಲ್ಲಿ ಮಾತ್ರ ಯಾಕೆ ಸರ್ಕಾರದ್ದು?" ರಾಜಾಜಿನಗರ, ಬಸವೇಶ್ವರನಗರದ ಕಡೆಯ ನಿವಾಸಿಗಳು ಈ ಪ್ರಶ್ನೆ ಕೇಳಿದರೆ ಆಶ್ಚರ್ಯವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಅವುಗಳಲ್ಲೊಂದು. ಪಾಲಿಕೆ ಹೊಸದಾದ ಮೇಲೆ ಹೊಣೆಯೂ ಹೊಸದಾಗಿ ಹಂಚಿಕೆಯಾಗಲಿ ಎಂದು ಜನ ಬಯಸುವುದು ಸಹಜ. ಪರ-ವಿರೋಧದ ಮಾತಿಗೆ ಮುನ್ನ, ಸದ್ಯ ಯಾರ ಕೈಯಲ್ಲಿ ಏನಿದೆ ಎಂಬುದು ಗೊತ್ತಿರಲಿ.

ಬೆಂಕಿ ಆರಿಸುವ ಹೊಣೆ ಈಗ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯದ್ದು. ಗೃಹ ಇಲಾಖೆಯ ಅಧೀನದ ಈ ಇಲಾಖೆಗೆ 1964ರ ಕಾಯ್ದೆಯೇ ಆಧಾರ. ಪಾಲಿಕೆಗೇ ಕೊಡಿ ಎನ್ನುವವರು ಸಂವಿಧಾನದ 12ನೇ ಅನುಸೂಚಿಯನ್ನು ಮುಂದಿಡಬಹುದು. 74ನೇ ತಿದ್ದುಪಡಿಯಲ್ಲಿ ಬಂದ ಆ ಅನುಸೂಚಿಯ 18 ವಿಷಯಗಳಲ್ಲಿ 7ನೆಯದು ಅಗ್ನಿಶಾಮಕ ಸೇವೆಯೇ. ಆದರೆ ಇಷ್ಟರಿಂದಲೇ ವಾದ ಗೆದ್ದಂತಲ್ಲ. 243ಡಬ್ಲ್ಯು ವಿಧಿಯಂತೆ ಈ ಅಧಿಕಾರವನ್ನು ಪಾಲಿಕೆಗೆ ಕೊಡುವುದು, ಬಿಡುವುದು ರಾಜ್ಯ ಶಾಸಕಾಂಗಕ್ಕೆ ಬಿಟ್ಟದ್ದು. ಪಾಲಿಕೆ ಸಭೆಯಲ್ಲೊಂದು ನಿರ್ಣಯ ಮಾಡಿದ ಮಾತ್ರಕ್ಕೆ ಕೆಂಪು ಬಂಡಿಗಳು ಅದರ ಕೈಗೆ ಬರುವುದಿಲ್ಲ. ಕೇಳುವುದಿದ್ದರೆ ವಿಧಾನಸೌಧವನ್ನು ಕೇಳಬೇಕು: ನಿಮ್ಮ ಶಾಸಕರ ಮೂಲಕ, ಇಲ್ಲವೇ ವಿಧಾನಸಭೆಯ ಅರ್ಜಿಗಳ ಸಮಿತಿಯ ಮೂಲಕ.

ಬೇರೆ ಊರುಗಳಲ್ಲೂ ಒಂದೇ ಪದ್ಧತಿ ಇಲ್ಲ. ಮುಂಬೈ, ಅಹಮದಾಬಾದ್‌ಗಳಲ್ಲಿ ದಳ ಪಾಲಿಕೆಯದ್ದು. ಚೆನ್ನೈ, ಕೋಲ್ಕತ್ತಗಳಲ್ಲಿ ರಾಜ್ಯದ್ದು. ದೆಹಲಿಯಲ್ಲಿ ಪಾಲಿಕೆಯ ಕೈಯಲ್ಲಿದ್ದ ಸೇವೆಯನ್ನು 1994ರಲ್ಲಿ ದೆಹಲಿ ಸರ್ಕಾರ ವಹಿಸಿಕೊಂಡಿತು. ನಕ್ಷೆ ಮಂಜೂರು ಮಾಡುವವರೇ ಬೆಂಕಿಗೂ ಉತ್ತರ ಹೇಳುವಂತಾದರೆ ಒಬ್ಬರ ಮೇಲೊಬ್ಬರು ಹಾಕುವ ಆಟ ನಿಲ್ಲುತ್ತದೆ ಎಂಬುದು ಪರವಾದ ವಾದ; ಅದರಲ್ಲಿ ಹುರುಳಿದೆ. ಆದರೆ ಐದು ಪಾಲಿಕೆಗೆ ಐದು ದಳವಾದರೆ, ಗಡಿ ರಸ್ತೆಯ ಗೋದಾಮಿಗೆ ಬೆಂಕಿ ಬಿದ್ದ ದಿನ ಯಾರು ಮೊದಲು ಹೊರಡಬೇಕು? ಏಣಿಬಂಡಿಯಂಥ ದುಬಾರಿ ವಾಹನವನ್ನು ಐವರೂ ಕೊಳ್ಳಬೇಕೆ? ಇದಕ್ಕೆ ಉತ್ತರ ಸಿಗದೆ ಕೈ ಎತ್ತಬೇಡಿ.

"ಮತ್ತೆ ತೆರಿಗೆ ಹೆಚ್ಚಿಸ್ತಾರಾ?" ಎಂಬುದು ಇನ್ನೊಂದು ಆತಂಕ. ಸಂವಿಧಾನದ 265ನೇ ವಿಧಿಯಂತೆ ಕಾನೂನಿನ ಬಲವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. ಆಸ್ತಿ ತೆರಿಗೆ ಚಲನ್‌ನಲ್ಲಿ ಹೊಸ ಕರವೊಂದು ಕಂಡರೆ ಅದು ಯಾವ ಕಾಯ್ದೆಯ ಯಾವ ಕಲಮಿನಡಿ ಬಂತು ಎಂದು ಕೇಳುವ ಹಕ್ಕು ನಿಮಗಿದೆ.

ಇಷ್ಟೆಲ್ಲ ಹೇಳಿದರೂ, ದಳ ಯಾರದ್ದು ಎಂಬ ಜಗಳಕ್ಕಿಂತ ದೊಡ್ಡದು ಬೇರೆಯೇ ಇದೆ ಎಂಬುದು ನನ್ನ ಅಭಿಪ್ರಾಯ. ಬೆಂಕಿ ಬೀಳದಂತೆ ನೋಡಿಕೊಳ್ಳುವ ಕೆಲಸದ ಅರ್ಧ ಪಾಲು ಇವತ್ತಿಗೂ ಪಾಲಿಕೆಯ ಕೈಯಲ್ಲೇ ಇದೆ, ಅದನ್ನು ಕೇಳುವವರು ಕಡಿಮೆ. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ಮಾತು ಮುಖ್ಯವಾಗಿ ಬಹುಮಹಡಿ ಕಟ್ಟಡಗಳಿಗೆ ಬರುತ್ತದೆ. ನಮ್ಮ ಬಡಾವಣೆಗಳಲ್ಲಿರುವುದು ಮೂವತ್ತು-ನಲವತ್ತರ ಸೈಟಿನ ಮೇಲೆ ಎದ್ದ ಮೂರು ನಾಲ್ಕು ಮಹಡಿ: ಕೆಳಗೆ ಅಂಗಡಿ, ಮೇಲೆ ಪಿ.ಜಿ., ಅದರ ಮೇಲೊಂದು ಟ್ಯೂಷನ್ ಕೇಂದ್ರ, ಇಳಿಯಲು ಒಂದೇ ಮೆಟ್ಟಿಲು, ಮೆಟ್ಟಿಲ ಕೆಳಗೇ ಮೀಟರ್ ಬೋರ್ಡು, ಕಿಟಕಿಗೆಲ್ಲ ಕಬ್ಬಿಣದ ಗ್ರಿಲ್. ಇಂಥ ಕಟ್ಟಡದ ನಕ್ಷೆ ಮಂಜೂರಾತಿ, ಅಂಗಡಿಯ ಉದ್ದಿಮೆ ಪರವಾನಗಿ ಎರಡೂ ಪಾಲಿಕೆಯವೇ. 2024ರ ನವೆಂಬರ್‌ನಲ್ಲಿ ಡಾ. ರಾಜ್‌ಕುಮಾರ್ ರಸ್ತೆಯ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿದ್ದು, ಅಲ್ಲಿ ಕೆಲಸಕ್ಕಿದ್ದ ಇಪ್ಪತ್ತರ ಯುವತಿ ತೀರಿಕೊಂಡಳು. 2010ರ ಫೆಬ್ರುವರಿ 23ರಂದು ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತಾಗ ಊರೆಲ್ಲ ಎತ್ತರದ ಕಟ್ಟಡಗಳತ್ತ ನೋಡಿತು. ರಸ್ತೆ ಬದಿಯ ಮಳಿಗೆಗಳತ್ತ ಅಷ್ಟು ನೋಡಲಿಲ್ಲ.

ಮುಂಬೈಯನ್ನು ಮಾದರಿ ಎನ್ನುವವರು ಅಲ್ಲಿನ ಇನ್ನೊಂದು ಸಂಗತಿಯನ್ನೂ ಗಮನಿಸಲಿ. ಮಹಾರಾಷ್ಟ್ರದ 2006ರ ಕಾಯ್ದೆಯಂತೆ, ಕಾಯ್ದೆಯ ವ್ಯಾಪ್ತಿಗೆ ಬರುವ ಕಟ್ಟಡದ ಮಾಲೀಕರು ಅಗ್ನಿ ಸುರಕ್ಷತಾ ಸಲಕರಣೆಗಳು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರವನ್ನು ಪ್ರತಿ ಜನವರಿ ಮತ್ತು ಜುಲೈನಲ್ಲಿ ಪರವಾನಗಿ ಪಡೆದ ಸಂಸ್ಥೆಯಿಂದ ಪಡೆದು ಸಲ್ಲಿಸಬೇಕು. ದಳಕ್ಕಿಂತ ಮೊದಲು ನಾವು ಕೇಳಬೇಕಾದ್ದು ಇದನ್ನು.

ಸರಿ, ನಿಮ್ಮ ಬೀದಿಯ ಕಟ್ಟಡವೊಂದರ ಬಗ್ಗೆ ಅನುಮಾನವಿದೆ ಎನ್ನಿ. ಮೊದಲು ಪಾಲಿಕೆಯ ವಲಯ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಅದರ ಪ್ರತಿಯನ್ನು ಅಗ್ನಿಶಾಮಕ ಇಲಾಖೆಗೂ ಕಳಿಸಿ. ಬಾಯಿ ಮಾತಿನ ದೂರಿಗೆ ದಾಖಲೆ ಇರುವುದಿಲ್ಲ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ. "ಈ ಕಟ್ಟಡ ಸುರಕ್ಷಿತವೇ?" ಎಂದು ಕೇಳಿದರೆ, ಅದು ಅಭಿಪ್ರಾಯ, ಮಾಹಿತಿಯಲ್ಲ ಎಂದು ಅರ್ಜಿ ವಾಪಸ್ ಬರುತ್ತದೆ. "ಇಂಥ ವಿಳಾಸದ ಕಟ್ಟಡದ ಮಂಜೂರಾದ ನಕ್ಷೆ ಮತ್ತು ಸ್ವಾಧೀನಾನುಭವ ಪತ್ರದ ದೃಢೀಕೃತ ಪ್ರತಿ ಕೊಡಿ" ಎಂದು ಬರೆಯಿರಿ. ಉದ್ದಿಮೆ ಪರವಾನಗಿಯ ಪ್ರತಿಗೆ ಬೇರೆಯೇ ಅರ್ಜಿ ಹಾಕುವುದು ಲೇಸು. ದಾಖಲೆ ಇನ್ನೊಂದು ಕಚೇರಿಯಲ್ಲಿದ್ದರೆ ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸುವುದು ಅಧಿಕಾರಿಯ ಕರ್ತವ್ಯ, ನಿಮ್ಮನ್ನು ಓಡಾಡಿಸುವಂತಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಬೆಂಕಿ ಬಿದ್ದೇ ಬಿಟ್ಟರೆ 101 ಅಥವಾ 112ಕ್ಕೆ ಕರೆ ಮಾಡಿ. ವಿಳಾಸದ ಜೊತೆ ಹತ್ತಿರದ ವೃತ್ತವನ್ನೋ ಗುಡಿಯನ್ನೋ ಹೇಳಿ. ವಿಜಯನಗರದ ಅಡ್ಡರಸ್ತೆಗಳಲ್ಲಿ ಬರೀ ಮನೆ ನಂಬರ್ ಹಿಡಿದು ಹುಡುಕುವುದು ಕಷ್ಟ. ನಂದಿದ ಮೇಲೆ ಅಗ್ನಿಶಾಮಕ ಇಲಾಖೆಯಿಂದ ಅಗ್ನಿ ಅವಘಡದ ವರದಿಗೆ ಅರ್ಜಿ ಹಾಕಿ. ವಿಮೆ ಕೇಳುವಾಗ ಅದು ಬೇಕಾಗುತ್ತದೆ. ಯಾರದೋ ನಿರ್ಲಕ್ಷ್ಯ ಕಾರಣವೆನಿಸಿದರೆ ಪೊಲೀಸ್ ಠಾಣೆಗೆ ದೂರು ಕೊಡಿ. ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮು ಬೆಂಕಿಯ ವಿಷಯದ ನಿರ್ಲಕ್ಷ್ಯಕ್ಕೆ ಆರು ತಿಂಗಳವರೆಗೆ ಸೆರೆವಾಸ ವಿಧಿಸುತ್ತದೆ. ಸಾವು ಸಂಭವಿಸಿದ್ದರೆ 106ನೇ ಕಲಮಿನಡಿ ಶಿಕ್ಷೆ ಐದು ವರ್ಷದವರೆಗೆ.